ನ್ಯೂಜೆರ್ಸಿಗೆ ವಲಸೆ ಹೋದ ಡಬ್ಬಿ

ನ್ಯೂಜೆರ್ಸಿಯಲ್ಲಿ ಎಡಕ್ಕೆ ತಿರುಗಬೇಕಾದರೆ ಮೊದಲು ಬಲಕ್ಕೆ ತಿರುಗಬೇಕು. ವೇದಾಂತ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಅಲ್ಲಿಯ ಹೆದ್ದಾರಿ ಕಟ್ಟಿದ ಮಹಾನುಭಾವರು ಹಾಗೆ ಕಟ್ಟಿಟ್ಟಿದ್ದಾರೆ. ಎಡಗಡೆ ಕಣ್ಣೆದುರಿಗೇ ಅಂಗಡಿ ಕಾಣುತ್ತಿರುತ್ತದೆ. ನೀವು ಬಲಕ್ಕೆ ಹೋಗಿ, ಒಂದು ಸುತ್ತು ಹಾಕಿ, ಸಿಗ್ನಲ್ಲಿನಲ್ಲಿ ನಿಂತು, ಅದೇ ರಸ್ತೆಯನ್ನು ಅಡ್ಡ ದಾಟಿ ಅಲ್ಲಿಗೆ ತಲುಪಬೇಕು. ಪೆಟ್ರೋಲ್ ಬಂಕಿನಲ್ಲಿ ಕಾರಿನಿಂದ ಇಳಿದು ನೀವೇ ಪೆಟ್ರೋಲ್ ಹಾಕಿಕೊಳ್ಳುವಂತಿಲ್ಲ, ಕಾನೂನು ಬಿಡುವುದಿಲ್ಲ. ಮಹಾರಾಣಿಯರ ಥರ ಒಳಗೆ ಕೂತಿರಬೇಕು, ಯಾರಾದರೂ ಬಂದು ಹಾಕುತ್ತಾರೆ. ಇದನ್ನೆಲ್ಲ ಒಟ್ಟು ಸೇರಿಸಿ ನನ್ನ ಗೆಳತಿ ‘ಕ್ವಾಲಿಟಿ ಆಫ್ ಲೈಫ್’ ಎನ್ನುತ್ತಾಳೆ.

ಅವಳು ಧಾರವಾಡದವಳು, ನಾನು ದಾವಣಗೆರೆಯವಳು. ನಮ್ಮಿಬ್ಬರನ್ನು ಗಂಟು ಹಾಕಿದ್ದು ಬೆಲ್‌ರೋಸ್. ನ್ಯೂಯಾರ್ಕ್ ನಗರ ಮುಗಿದು ಲಾಂಗ್ ಐಲ್ಯಾಂಡ್ ಶುರುವಾಗುವ ಅಂಚಿನಲ್ಲಿದೆ ಈ ಊರು. ಇಲ್ಲಿ ನಮ್ಮ ಕೆಂಪು ಇಟ್ಟಿಗೆಯ ಮನೆಯೂ ಪಕ್ಕದ ಮನೆಯೂ ಅಂಟಿಕೊಂಡಿವೆ, ನಡುವೆ ಒಂದೇ ಗೋಡೆ. ಗೋಡೆಯ ಈಚೆ ನನ್ನ ಅಡುಗೆಮನೆ, ಆಚೆ ಅವಳದು. ಅವಳು ಒಗ್ಗರಣೆ ಹಾಕಿದರೆ ಸೀನುತ್ತಿದ್ದುದು ನಾನು. ಮಕ್ಕಳು ಚಿಕ್ಕವರಿದ್ದಾಗಿನಿಂದ ನಮಗೊಂದು ಪದ್ಧತಿ ಇತ್ತು. ಚಹಾ ಆದ ಕೂಡಲೇ ಲಟ್ಟಣಿಗೆ ತೆಗೆದುಕೊಂಡು ಗೋಡೆಗೆ ಎರಡು ಸಲ ಬಡಿಯುವುದು. ಟಕ್ ಟಕ್. ಅಷ್ಟು ಕೇಳಿದರೆ ಮೈಮೇಲೆ ಏನಿದೆಯೋ ಅದರಲ್ಲೇ ಎದ್ದು ಹೋಗಬೇಕು. ಫೋನಿಲ್ಲ, ಮೆಸೇಜಿಲ್ಲ, ‘ಬಿಜಿ ಇದ್ದೀರಾ’ ಎಂಬ ನಾಟಕವಿಲ್ಲ. ನನ್ನ ತಂದೆ ತೀರಿಕೊಂಡ ಸುದ್ದಿ ಊರಿನಿಂದ ಬಂದ ದಿನ ನಾನು ಬಡಿದದ್ದು ಎರಡೇ ಸಲ, ಆದರೂ ಅವಳು ಕೈಗೆ ಹಿಟ್ಟು ಮೆತ್ತಿಕೊಂಡೇ ಓಡಿಬಂದಿದ್ದಳು. ಬಡಿದ ರೀತಿಯಲ್ಲೇ ಗೊತ್ತಾಯಿತಂತೆ.

ಇಂಥವಳ ಗಂಡನಿಗೆ ನ್ಯೂಜೆರ್ಸಿಯ ಔಷಧಿ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಸ್ವಲ್ಪ ದಿನ ಪಾಪ ಇಲ್ಲಿಂದಲೇ ಕಮ್ಯೂಟ್ ಮಾಡಿ, ಮುಖ ಬಾಡಿದ ಬದನೆಕಾಯಿಯಾದ ಮೇಲೆ ಮನೆ ಮಾರಿ ಹೊರಟೇಬಿಟ್ಟರು. ಮೊದಲು ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಬಾಡಿಗೆಗೆ ಇದ್ದರು, ಆಮೇಲೆ ಮಾನ್ಮತ್ ಜಂಕ್ಷನ್‌ನಲ್ಲಿ ಸಾಲುಮನೆ ಕೊಂಡರು. ಹೋದ ಮರುದಿನದಿಂದಲೇ ಶುರುವಾಯಿತು ನೋಡಿ ಫೋನಿನಲ್ಲಿ ವರ್ಣನೆ.

"ಅಕ್ಕಾರ, ಇಲ್ಲಿ ಗಾಳಿನಽ ಬ್ಯಾರೆ."

"ಹೌದೇ ತಾಯಿ, ಟರ್ನ್‌ಪೈಕ್ ಹೆದ್ದಾರಿಯ ಲಾರಿ ಹೊಗೆ ಸೇರಿದೆಯಲ್ಲ, ಬೇರೆನೇ ಇರ್ತದೆ."

"ಮಂದಿ ಎಷ್ಟ್ ಛಲೋ ಅದಾರ ಅಂತೀರಿ! ಮನಿಯೊಳಗ ವಾಷರ್, ಡ್ರಾಯರ್, ಎರಡು ಕಾರಿನ ಗ್ಯಾರೇಜು. ನಿಮ್ಮ ಬೇಸ್‌ಮೆಂಟಿನಾಗ ನೀರು ಹೊಕ್ಕಾಗ ಬಕೆಟ್ ಹಿಡ್ಕೊಂಡು ನಿಂತಿದ್ರಲ್ಲ, ಮರ್ತೀರೇನು?"

ಮರೆತಿರಲಿಲ್ಲ. ಆ ದಿನ ನನ್ನ ಪಕ್ಕದಲ್ಲಿ ಇನ್ನೊಂದು ಬಕೆಟ್ ಹಿಡಿದು ನಿಂತಿದ್ದವಳು ಅವಳೇ. ನಾನೇನು ಸುಮ್ಮನಿರುವವಳೇ? ನಿಮ್ಮ ಕಡೆ ಕೊತ್ತಂಬರಿ ಸೊಪ್ಪಿಗೂ ಕಾರು ತೆಗೀಬೇಕಲ್ಲೇ, ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಿದ್ದರೆ ಹಿಲ್‌ಸೈಡ್ ಅವೆನ್ಯೂ, ಬೇಕಾದ್ದು ಸಿಗುತ್ತದೆ, ಬಸ್ಸು ಹತ್ತಿದರೆ ಆಸ್ಪತ್ರೆ ಬಾಗಿಲಲ್ಲೇ ಇಳಿಸುತ್ತದೆ ಎನ್ನುತ್ತಿದ್ದೆ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಊರೊಳಗೆ ಡ್ರೈವ್ ಮಾಡುತ್ತೇನೆ. ಹೈವೇ ಎಂದರೆ ಕೈಕಾಲು ತಣ್ಣಗಾಗುತ್ತದೆ. ಅದನ್ನು ಮಾತ್ರ ಹೇಳುತ್ತಿರಲಿಲ್ಲ. ನಮ್ಮ ಜಗಳ ಕೇಳಿ ಕೇಳಿ ಬೇಸತ್ತ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, ಒಂದು ದಿನ "ಅಮ್ಮಾ, ಇಟ್ಸ್ ದ ಸೇಮ್ ಪ್ಲೇಸ್ ವಿತ್ ಎ ರಿವರ್ ಇನ್ ಬಿಟ್ವೀನ್" ಎಂದು ಬಾಗಿಲು ಹಾಕಿಕೊಂಡಳು. ಇವಳ ಭೂಗೋಳಕ್ಕಿಷ್ಟು. ಕಾಲೇಜಿಗೆ ಸುರಿದದ್ದು ದಂಡ.

ಗೋಡೆಯಾಚೆಗೆ ಹೊಸಬರು ಬಂದರು. ಗಂಡ ಹೆಂಡತಿ ಇಬ್ಬರೂ ಹುಡುಗುಪಾಳ್ಯ, ಹಗಲೆಲ್ಲ ಕಿವಿಗೆ ಹೆಡ್‌ಫೋನು. ಒಂದು ಶನಿವಾರ ಅಭ್ಯಾಸಬಲದಿಂದ ನಾನು ಲಟ್ಟಣಿಗೆ ತೆಗೆದುಕೊಂಡು ಎರಡು ಸಲ ಬಡಿದೇಬಿಟ್ಟೆ. ಪಾಪ, ಇಬ್ಬರೂ ಕೈಯಲ್ಲಿ ಕುಕೀಸ್ ಡಬ್ಬ ಹಿಡಿದು ಬಾಗಿಲಿಗೆ ಬಂದು, ನಮ್ಮಿಂದ ತುಂಬಾ ಗಲಾಟೆಯಾಯಿತೇನೋ ಕ್ಷಮಿಸಿ ಎಂದು ಬೇಡಿಕೊಂಡರು. ಅಲ್ಲಿಂದ ಮುಂದೆ ಬೆಕ್ಕಿನ ಹೆಜ್ಜೆ ಇಡುತ್ತಿದ್ದಾರೆ. ಮೊದಲು ಆ ಕಡೆ ಜೀವ ಇದೆಯೆಂದು ಗೊತ್ತಾಗುತ್ತಿತ್ತು, ಈಗ ಅದೂ ಇಲ್ಲ.

ಹೀಗಿರುವಾಗ, ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬ ಹತ್ತಿರವಾದಾಗ, ಅವಳ ಫೋನು ಬಂತು. ಉಸಿರು ಬಿಡದೆ ಮಾತಾಡಿದಳು. ಅವರ ಸಾಲಿನಲ್ಲಿ ಅವಳ ಬಲಗಡೆಗಿರುವ ಕೊನೆಯ ಮನೆ ಖಾಲಿಯಾಗಿದೆ, ಮಾರಾಟಕ್ಕಿದೆ, ಬೋರ್ಡು ಬೀಳುವ ಮೊದಲೇ ನೋಡಿಬಿಡಬಹುದು.

"ಗ್ವಾಡಿ ಒಂದಽ ಐತಿ ಅಕ್ಕಾರ. ನಾ ಅಳತಿ ಮಾಡಿ ನೋಡೀನಿ. ಆ ಕಡೆ ಅಡಿಗಿಮನಿ, ಈ ಕಡೆ ನನ್ನ ಅಡಿಗಿಮನಿ. ಮತ್ತ ಲಟ್ಟಣಗಿ ಬಡೀಬಹುದು."

ಅವಳು ಅಷ್ಟಕ್ಕೇ ಬಿಡಲಿಲ್ಲ. "ಹಬ್ಬಕ್ಕ ಬರ್ರಿ. ರಾತ್ರಿ ಇಲ್ಲೇ ಇರ್ರಿ. ಶನಿವಾರ ಮುಂಜಾನಿ ಮನಿ ನೋಡೋಣು. ನೀವು ಹೂಂ ಅಂದ್ರ ಹೂಂ, ಇಲ್ಲಾಂದ್ರ ಅದು ಬ್ಯಾರೇದವರಿಗೆ ಹೋಗ್ತದ. ಆಮ್ಯಾಲೆ ಇಂಥಾದ್ದು ಸಿಗಂಗಿಲ್ಲ."

ನಮ್ಮನೆಯವರಿಗೆ ಹೇಳಿದರೆ ಅವರು ಸಂಬಂಧ ಕುದುರಿದವರಂತೆ ಖುಷಿಯಾದರು. ನಗರಸಭೆಯಲ್ಲಿ ಎಂಜಿನಿಯರು, ಪೆನ್ಶನ್ ಹತ್ತಿರವಿದೆ. ನಮ್ಮ ಹಿಂದಿನ ಓಣಿ ಎಷ್ಟು ಕಿರಿದೆಂದರೆ ಕನ್ನಡಿ ಮಡಚದೆ ಕಾರು ಹೊರಗೆ ಬರುವುದಿಲ್ಲ. ಅದರಿಂದ ಬಿಡುಗಡೆ ಸಿಗುವುದಾದರೆ ಅವರು ಅಲಾಸ್ಕಕ್ಕೂ ತಯಾರು. "ನೀನು ಹೇಳಿದಂಗೆ" ಎಂದರು. ಗಂಡಸರು ಹೀಗೆ ಹೇಳಿದರೆ ಮುಂದೆ ಜೀವಮಾನವಿಡೀ ‘ನೀನೇ ಅಲ್ವಾ ಹೇಳಿದ್ದು’ ಎಂಬುದಕ್ಕೆ ತಯಾರಾಗಿರಬೇಕು. ಅಂತೂ ತೀರ್ಮಾನ ನನ್ನ ತಲೆಗೆ ಬಂತು. ಹೂಂ ಎಂದರೆ ಬೆಲ್‌ರೋಸ್ ಹೋಗುತ್ತದೆ, ಬಸ್ಸು ಹೋಗುತ್ತದೆ, ಬಹುಶಃ ಕೆಲಸವೂ ಹೋಗುತ್ತದೆ. ಊಹೂಂ ಎಂದರೆ ಅವಳು ಹೋಗುತ್ತಾಳೆ.

ಹಬ್ಬದ ಶುಕ್ರವಾರ ಅರ್ಧ ದಿನ ರಜೆ ಹಾಕಿ ಹೋಳಿಗೆ ಮಾಡಿದೆ. ನನ್ನ ಹತ್ತಿರ ಒಂದು ಸ್ಟೀಲಿನ ಡಬ್ಬಿ ಇದೆ, ಅಗಲಬಾಯಿಯದ್ದು, ಮುಚ್ಚಳದ ಮೇಲೆ ನನ್ನ ಅಮ್ಮನ ಹೆಸರು ಕೆತ್ತಿದೆ. ಹೋಳಿಗೆ ಮಡಚದೆ ಅದರಲ್ಲಿ ಕೂರುತ್ತದೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಹೊರಟೆ. ಆಗಸ್ಟ್ ತಿಂಗಳ ಶುಕ್ರವಾರ ಮಧ್ಯಾಹ್ನ ಬೆಲ್ಟ್ ಪಾರ್ಕ್‌ವೇ ಹಿಡಿದು ನ್ಯೂಜೆರ್ಸಿಗೆ ಹೋಗುವವರಿಗೆ ಯಾವ ಪಾಪ ಸುತ್ತಿಕೊಂಡಿರುತ್ತದೋ ಗೊತ್ತಿಲ್ಲ. ಸಮುದ್ರತೀರಕ್ಕೆ ಹೋಗುವವರೆಲ್ಲ ನಮ್ಮ ಮುಂದಿದ್ದರು. ವೆರಜಾನೋ ಸೇತುವೆಯ ಮೇಲೆ ನಿಂತಿದ್ದಾಗ ಒಂದು ಬಾತುಕೋಳಿ ನಮಗಿಂತ ಮುಂದೆ ಈಜಿಕೊಂಡು ಹೋದದ್ದನ್ನು ಕಣ್ಣಾರೆ ಕಂಡೆ. ಹಡಗೇ ಇರಬೇಕು ಎಂದರು ನಮ್ಮನೆಯವರು. ಬಾತುಕೋಳಿಯೇ.

ದಾರಿಯಲ್ಲಿ ಅವಳ ಫೋನು. "ಬಾಗಲೆಲ್ಲ ಒಂದಽ ಬಣ್ಣ ಅದಾವ, ನಂಬರ್ ಕಾಣಂಗಿಲ್ಲ. ಅದನ್ನ ಹುಡುಕ್ಕೋತ ಕುಂಡ್ರಬ್ಯಾಡ್ರಿ. ಬಾಗಲ ಮುಂದ ಚಪ್ಪಲಿ ರಾಶಿ ಬಿದ್ದಿರ್ತಾವ, ಅದಽ ನಮ್ಮನಿ. ಈ ಸಲ ಮನಿ ತುಂಬ ಮಂದಿ ಬರ್ತಾರ."

ಆ ಮನೆಗೆ ನಾವು ಹೋಗಿದ್ದು ಅದೇ ಮೊದಲು, ಹೋಗಿ ನೋಡಿದರೆ ಅವಳು ಹೇಳಿದ್ದು ನಿಜ. ಕಣ್ಣು ಹಾಯಿಸಿದಷ್ಟು ದೂರ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಮನೆಗಳು, ಒಂದೇ ಬೂದು ಬಾಗಿಲು, ಒಂದೇ ಅಳತೆಯ ಹುಲ್ಲು, ಒಂದೇ ಜಾತಿಯ ಬಡಪಾಯಿ ಗಿಡ. ಅಲ್ಲೊಂದು ಅಸೋಸಿಯೇಷನ್ ಇದೆಯಂತೆ. ಬಾಗಿಲಿಗೆ ಬೇರೆ ಬಣ್ಣ ಬಳಿಯುವಂತಿಲ್ಲ, ಹೊರಗೆ ಬಟ್ಟೆ ಒಣಹಾಕುವಂತಿಲ್ಲ, ತೋರಣ ಕಟ್ಟಿದರೆ ಇಂತಿಷ್ಟು ದಿನದೊಳಗೆ ಬಿಚ್ಚಬೇಕು. ಲಕ್ಷಗಟ್ಟಲೆ ಡಾಲರ್ ಸುರಿದು ಹಾಸ್ಟೆಲಿಗೆ ಸೇರಿಕೊಂಡ ಹಾಗೆ. ಅತಿಥಿಗಳ ಕಾರು ನಿಲ್ಲಿಸುವ ಜಾಗ ಆಚೆ ಮೂಲೆಯಲ್ಲಿತ್ತು. ಜರತಾರಿ ಸೀರೆ ಉಟ್ಟುಕೊಂಡು ನಡೆಯಬೇಡ ಎಂದು ನಮ್ಮನೆಯವರು ನನ್ನನ್ನು ಸಾಲಿನ ಮುಂದೆ ಇಳಿಸಿ ಹೋದರು. ಚಪ್ಪಲಿ ರಾಶಿ ಕಂಡಿತು. ನನ್ನವೂ ಅಲ್ಲೇ ಬಿಟ್ಟು ಡಬ್ಬಿ ಹಿಡಿದು ಒಳಗೆ ಹೋದೆ.

ಒಳಗೆ ಹತ್ತಾರು ಹೆಂಗಸರು, ಎಲ್ಲರೂ ತೆಲುಗಿನಲ್ಲಿ ಮಾತಾಡುತ್ತಿದ್ದರು. ನನಗೇನೂ ಆಶ್ಚರ್ಯವಾಗಲಿಲ್ಲ. ನ್ಯೂಜೆರ್ಸಿಯ ಆ ಭಾಗದಲ್ಲಿ ಪಾರಿವಾಳಗಳೂ ತೆಲುಗಿನಲ್ಲೇ ಗುಟುರು ಹಾಕುತ್ತವೆ. ಹಸಿರು ಸೀರೆಯ ದುಂಡುಮುಖದ ಹೆಂಗಸೊಬ್ಬರು ನನ್ನನ್ನು ಕಂಡದ್ದೇ ಕೈ ಹಿಡಿದುಕೊಂಡರು.

"ಕೊನೆಗೂ ಬಂದ್ರಲ್ಲಾ! ಎಷ್ಟು ದಿವಸದಿಂದ ಅಂದ್ಕೊಂತಾ ಇದ್ದೆ ರೀ, ಬರ್ತೀರೋ ಇಲ್ವೋ ಅಂತ."

ಎಂಥಾ ಆದರ! ನನ್ನ ಗೆಳತಿ ನನ್ನ ಬಗ್ಗೆ ಊರಿಗೆಲ್ಲ ಹೇಳಿದ್ದಾಳೆ ಎಂದು ಎದೆ ಉಬ್ಬಿತು. "ಎಲ್ಲಿ ಅವಳು?" ಎಂದೆ. "ಮೇಲೆ ಸೀರೆ ಉಡ್ತಾ ಇದಾಳೆ, ಬರ್ತಾಳೆ ಕೂತ್ಕೊಳ್ಳಿ" ಎಂದರು. ಅರಿಶಿನ ಕುಂಕುಮ ಕೊಟ್ಟರು, ಮಲ್ಲಿಗೆ ಮುಡಿಸಿದರು, ಡಬ್ಬಿ ಇಸಿದುಕೊಂಡು ದೇವಿಯ ಮುಂದಿಟ್ಟರು. ಪುಳಿಹೋರ ಬಂತು. ದೇವಿಗೆ ನಮಸ್ಕಾರ ಮಾಡುವಾಗ ಮಾತ್ರ ಕಳಶದ ಅಲಂಕಾರ ಧಾರವಾಡದವಳ ಕೈಯದ್ದಲ್ಲವಲ್ಲ ಅನಿಸಿತು. ಇವಳೂ ನ್ಯೂಜೆರ್ಸಿಗೆ ಬಂದು ಬದಲಾದಳು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಕಿಟಕಿಯ ಪರದೆ ನನಗೆ ಹಿಡಿಸಲಿಲ್ಲ. ಸೋಫಾ ಅತಿಯಾಯಿತು. ಪಕ್ಕದವರ ಹತ್ತಿರ ಆ ಸೋಫಾದ ಬಗ್ಗೆ ಎರಡು ಮಾತು ಆಡಿಯೂಬಿಟ್ಟೆ. ಅವರು ಸುಮ್ಮನೆ ನಕ್ಕರು. ಎರಡನೇ ಸಲ ಪುಳಿಹೋರ ಹಾಕಿಸಿಕೊಳ್ಳುವಾಗ ಫೋನು ಬಂತು.

"ಎಲ್ಲಿ ಅದೀರಿ ಅಕ್ಕಾರ? ಭಾವನವರನ್ನ ನಮ್ಮವರು ಗ್ಯಾರೇಜಿನ್ಯಾಗಿಂದ ಕರ್ಕೊಂಡು ಬಂದಾರ, ನೀವಽ ಇಲ್ಲ!"

"ಎಲ್ಲಿ ಅಂದ್ರೆ? ನಿಮ್ಮನೇಲೇ ಕೂತು ತಿಂತಾ ಇದ್ದೀನಲ್ಲೇ! ನೀನಿನ್ನೂ ಸೀರೆ ಉಟ್ಟು ಮುಗಿದಿಲ್ವಾ?"

"ನಮ್ಮನ್ಯಾಗ? ನಮ್ಮನ್ಯಾಗ ಹೆಂಗಸಂದ್ರ ನಾ ಒಬ್ಬಾಕಿನಽ ಅದೀನಿ ಅಕ್ಕಾರ."

ಅಷ್ಟರಲ್ಲಿ ಮೆಟ್ಟಿಲಿಳಿದು ಸೀರೆ ಉಟ್ಟವಳು ಬಂದಳು. ಹೈಸ್ಕೂಲಿನ ಹುಡುಗಿ. ನನ್ನನ್ನು ನೋಡಿ "ಹಾಯ್ ಆಂಟಿ" ಎಂದಳು.

ನನ್ನ ಮುಖದ ಬಣ್ಣ ಹೇಗಾಗಿತ್ತೋ ದೇವಿಯೇ ಬಲ್ಲಳು. ಹಸಿರು ಸೀರೆಯವರಿಗೆ ತೊದಲಿ ತೊದಲಿ ವಿಷಯ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಿಂದೂಪುರದವರಂತೆ, ಬೆಂಗಳೂರಿನಲ್ಲಿ ಓದಿದವರಂತೆ. "ನಾನು ನಿಮ್ಮನ್ನ ಪಕ್ಕದ ಮನೆಯವರು ಅಂದ್ಕೊಂಡೆ ರೀ. ಅವರ ಕಾರಲ್ಲಿ ಹಳದಿ ಕೆಂಪು ಬಾವುಟ ಇದೆ, ಕನ್ನಡದವರು ಅಂತ ಗೊತ್ತು. ಮುಖ ನೋಡಿಲ್ಲ. ಗ್ಯಾರೇಜ್ ಬಾಗಿಲು ಮೇಲೆ ಹೋಗ್ತದೆ, ಕಾರು ಒಳಗೆ ಹೋಗ್ತದೆ, ಬಾಗಿಲು ಕೆಳಗೆ ಬರ್ತದೆ. ಇಲ್ಲಿಗೆ ಬಂದಿರೋರೆಲ್ಲ ಎಡಿಸನ್ನಿಂದ, ಎಲ್ಲೆಲ್ಲಿಂದಲೋ ಡ್ರೈವ್ ಮಾಡ್ಕೊಂಡು ಬಂದೋರು. ಈ ಸಾಲಿಂದ ನಡ್ಕೊಂಡು ನಮ್ಮನೆ ಒಳಗೆ ಬಂದಿರೋದು ನೀವೇ ಮೊದಲು."

ನಡೆದು ಬಂದವಳು ಬೆಲ್‌ರೋಸಿನವಳು ಎಂದು ಹೇಳುವಷ್ಟು ಧೈರ್ಯ ನನಗಿರಲಿಲ್ಲ. ತಾಂಬೂಲ ಹಿಡಿದು ಓಡಿದೆ. ಡಬ್ಬಿ ದೇವಿಯ ಮುಂದೆಯೇ ಉಳಿಯಿತು.

ಗೆಳತಿಯ ಬಾಗಿಲ ಮುಂದೆ ಒಂದು ಜೊತೆ ಚಪ್ಪಲಿಯೂ ಇರಲಿಲ್ಲ. ಒಳಗೆ ದೇವಿ ಮಾತ್ರ ಝಗಝಗ. ಧಾರವಾಡದ ಕೈಯ ಅಲಂಕಾರ, ಇಳಕಲ್ ಸೀರೆ, ಸೆರಗಿನ ಒಂದೊಂದು ನೆರಿಗೆಯೂ ಲೆಕ್ಕ ಹಿಡಿದ ಹಾಗೆ. ಊಟದ ಮೇಜಿನ ಮೇಲೆ ತಾಂಬೂಲದ ಚೀಲಗಳು ಸಾಲಾಗಿ ನಿಂತಿದ್ದವು. ಅವಳು ಹೊಸ ಸೀರೆಯಲ್ಲಿ ಸೋಫಾದ ತುದಿಯಲ್ಲಿ ಕೂತು ಫೋನು ನೋಡುತ್ತಿದ್ದಳು. ಕರೆದವರಲ್ಲಿ ಬಹಳ ಜನ ಕರೆಯೋಲೆಗೆ ಕಂಪ್ಯೂಟರಿನಲ್ಲಿ ‘ಮೇಬಿ’ ಎಂದು ಒತ್ತಿ ಕೂತಿದ್ದರು.

"ಟ್ರಾಫಿಕ್ ಅಕ್ಕಾರ. ಬರ್ತಾರ ತಡೀರಿ" ಎಂದಳು.

ಆಮೇಲೆ ಇಬ್ಬರು ಬಂದರು. ಇನ್ನೂ ಮೂರು ಮನೆಗೆ ಹೋಗಬೇಕು ಎನ್ನುತ್ತ ಕುಂಕುಮ ಹಚ್ಚಿಸಿಕೊಂಡು, ತಿಂಡಿಯನ್ನು ಡಬ್ಬಿಗೆ ಹಾಕಿಸಿಕೊಂಡು, ಕಾರಿನ ಕೀ ಕುಣಿಸುತ್ತ ಹೊರಟರು. ನಾನು ನ್ಯೂಜೆರ್ಸಿಯ ಬಗ್ಗೆ ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡು ಬಂದಿದ್ದ ಕೊಂಕು ಮಾತೆಲ್ಲ ಹೊಟ್ಟೆಯೊಳಗೇ ಉಳಿಯಿತು. ಬೆಲ್‌ರೋಸಿನಲ್ಲಿ ಇದೇ ಹಬ್ಬಕ್ಕೆ ಅವಳ ಮನೆಯಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಎದುರು ಮನೆಯ ಮಲಯಾಳಿ ನರ್ಸು ಡ್ಯೂಟಿಯ ಬಟ್ಟೆಯಲ್ಲೇ ಬಂದು ಕೂರುತ್ತಿದ್ದರು, ಪಂಜಾಬಿ ಅಜ್ಜಿ ಬಂದವರು ಊಟ ಮಾಡದೆ ಏಳುತ್ತಿರಲಿಲ್ಲ. ಇವಳು ಅಷ್ಟೂ ಜನರನ್ನು ಬೈಯುತ್ತಲೇ ಬಡಿಸುತ್ತಿದ್ದಳು. ಈಗ ಬೈಯಲೂ ಜನರಿಲ್ಲದೆ ಕೂತಿದ್ದಳು.

ಮರುದಿನ ಬೆಳಿಗ್ಗೆ ಬಲಗಡೆಯ ಖಾಲಿ ಮನೆ ನೋಡಲು ಹೋದೆವು. ಮನೆ ತೋರಿಸುವ ಏಜೆಂಟು ಹಲ್ಲು ಬಿಟ್ಟುಕೊಂಡು ನಿಂತಿದ್ದ. ಸುಳ್ಳು ಹೇಳುವುದಿಲ್ಲ, ಚೆಂದದ ಮನೆ. ಅಡುಗೆಮನೆಯಲ್ಲಿ ನಡುವೆ ಕಲ್ಲಿನ ಕಟ್ಟೆ, ಅದರ ಸುತ್ತ ಓಡಾಡಲು ಜಾಗ, ನೀರು ಹೊಗಲು ಬೇಸ್‌ಮೆಂಟೇ ಇಲ್ಲ. ನಮ್ಮನೆಯವರು ಗ್ಯಾರೇಜಿನಲ್ಲಿ ನಿಂತು ಕೈ ಎರಡೂ ಕಡೆ ಚಾಚಿ ನೋಡಿದರು. ಎರಡು ಕಾರು, ಮಡಚಬೇಕಾಗಿಲ್ಲದ ನಾಲ್ಕು ಕನ್ನಡಿ. ಅವರ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ. ಗೆಳತಿ ನಮ್ಮ ಜೊತೆ ಬಂದಿರಲಿಲ್ಲ. ಯಾಕೆಂದು ಆಮೇಲೆ ತಿಳಿಯಿತು.

ನಾನು ಅಡುಗೆಮನೆಯ ಗೋಡೆಯ ಹತ್ತಿರ ಹೋಗಿ ಗೆಣ್ಣಿನಿಂದ ಎರಡು ಸಲ ಬಡಿದೆ.

ಕೈ ತೆಗೆಯುವ ಮೊದಲೇ ಆ ಕಡೆಯಿಂದ ಉತ್ತರ ಬಂತು. ಟಕ್ ಟಕ್. ಲಟ್ಟಣಿಗೆಯ ಸದ್ದು. ಗೋಡೆಗೆ ಅಂಟಿಕೊಂಡೇ ನಿಂತಿದ್ದಳು ಪಾಪಿ. ಆ ಕ್ಷಣದಲ್ಲಿ ಕಾಗದ ಮುಂದಿಟ್ಟಿದ್ದರೆ ಸಹಿ ಹಾಕಿಬಿಡುತ್ತಿದ್ದೆ.

ಹೊರಗೆ ಬಂದು ನಿಂತೆ. ಸ್ವಲ್ಪ ನಡೆದಾಡೋಣ ಎಂದು ಸಾಲಿನ ಕೊನೆಯವರೆಗೆ ಹೋದೆ. ಅಲ್ಲಿ ಫುಟ್‌ಪಾತು ಮುಗಿದಿತ್ತು. ಇಷ್ಟು ದೂರ ಬಂದದ್ದೇ ಹೆಚ್ಚಾಯಿತು, ಇನ್ನು ಮನೆಗೆ ಹೋಗಮ್ಮ ಎಂಬಂತೆ ಸಿಮೆಂಟು ಮುಗಿದು ಹುಲ್ಲು ಶುರುವಾಗಿತ್ತು. ಅದರಾಚೆ ಹೆದ್ದಾರಿ, ಕಾರುಗಳು ಸುಯ್ ಸುಯ್ ಎಂದು ಹೋಗುತ್ತಿದ್ದವು. ಬಸ್ ಸ್ಟಾಪ್ ಎಲ್ಲಿ ಎಂದು ನಾಯಿ ಕರೆದುಕೊಂಡು ಹೊರಟಿದ್ದ ಒಬ್ಬ ಅಂಕಲ್‌ನನ್ನು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿ, "ವಾಟ್ ಬಸ್?" ಎಂದರು. ನಮ್ಮನೆಯವರು ಕೆಲಸಕ್ಕೆ ಹೋದ ಮೇಲೆ ನಾನು ಈ ಹುಲ್ಲಿನ ಅಂಚಿನಲ್ಲಿ ನಿಂತು ಯಾರ ದಾರಿ ನೋಡಬೇಕು? ಅವಳ ದಾರಿ ತಾನೇ. ಅವಳು ಕರೆದುಕೊಂಡು ಹೋದಾಗ ಹೋಗಬೇಕು, ಬಿಟ್ಟಾಗ ಬರಬೇಕು. ನಾಲ್ಕು ದಿನಕ್ಕೆ ನಾನೂ ಒಂದು ತಾಂಬೂಲದ ಚೀಲದ ಹಾಗೆ ಮೇಜಿನ ಮೇಲೆ ಕೂತಿರುತ್ತೇನೆ. ಇಬ್ಬರು ಒಂಟಿಯರು ಒಂದು ಗೋಡೆಯನ್ನು ಎರಡೂ ಕಡೆಯಿಂದ ಬಡಿದುಕೊಂಡು ಕೂರಬೇಕು. ಹೆದರಿಕೆಯಾಯಿತು.

ವಾಪಸ್ ಬಂದು ಅವಳ ಅಡುಗೆಮನೆಯಲ್ಲಿ ಹೇಳಿದೆ. "ನನ್ನ ಕೈಲಾಗಲ್ಲ ಕಣೇ."

ಅವಳು ಚಹಾ ಸೋಸುತ್ತಿದ್ದಳು. ತಿರುಗಲಿಲ್ಲ. "ನಿಮಗ ನನಕಿಂತ ಆ ಬಸ್ಸು ಹೆಚ್ಚಾತು."

"ಹಂಗಲ್ವೇ..."

"ಮತ್ತ ಹೆಂಗ? ಬೇಸ್‌ಮೆಂಟಿನಾಗ ನೀರು ಹೊಕ್ಕರೂ ಅಡ್ಡಿಯಿಲ್ಲ, ಬೆಲ್‌ರೋಸ್ ಬೇಕು. ಇರ್ರಿ ಅಲ್ಲೇ. ಹಿಲ್‌ಸೈಡ್ ಅವೆನ್ಯೂ ತಲಿಮ್ಯಾಲೆ ಹೊತ್ಕೊಂಡು ಕುಣೀರಿ." ಸೋಸಣಿಗೆಯನ್ನು ಸಿಂಕಿಗೆ ಎಸೆದಳು. "ನಾ ಇಲ್ಲೆ ಸತ್ತ ಬಿದ್ದರೂ ಗ್ಯಾರೇಜ್ ಬಾಗಲ ತೆಗೀದಽ ಯಾರಿಗೂ ಗೊತ್ತಾಗಂಗಿಲ್ಲ, ತಿಳೀತೇನು?"

ಆ ಮನೆಗೆ ಹೋದಾಗಿನಿಂದ ಅವಳು ಆಡಿದ ಮೊದಲ ನಿಜವಾದ ಮಾತು ಅದು. ನಾನು ಅಳುತ್ತಿದ್ದೆನೋ ಸಿಟ್ಟಾಗಿದ್ದೆನೋ ನನಗೇ ಗೊತ್ತಿಲ್ಲ. ಮುಂದಿನ ಕೋಣೆಯಲ್ಲಿ ಗಂಡಸರಿಬ್ಬರೂ ಒಮ್ಮೆಲೇ ಹವಾಮಾನದ ಬಗ್ಗೆ ಬಹಳ ಆಸಕ್ತಿಯಿಂದ ಮಾತಾಡತೊಡಗಿದರು. ಆಗ ಯಾರೋ ಮುಂಬಾಗಿಲ ಗಂಟೆ ಒತ್ತಿದರು. ಅದಕ್ಕೊಂದು ಗಂಟೆ ಇದೆಯೆನ್ನುವುದೇ ಆ ಮನೆಯವರಿಗೆ ಮರೆತುಹೋಗಿತ್ತು. ಗಂಡ ಹೆಂಡತಿ ಇಬ್ಬರೂ ಇದೇನು ಸದ್ದು ಎಂದು ಫೋನು ತಡಕಾಡಿದರು.

ಬಾಗಿಲು ತೆರೆದರೆ ಹಿಂದೂಪುರದವರು, ಕೈಯಲ್ಲಿ ನನ್ನ ಡಬ್ಬಿ. ತೊಳೆದು ಫಳಫಳ ಮಾಡಿ, ಕಂಠಮಟ್ಟ ಚಕ್ಕುಲಿ ತುಂಬಿದ್ದರು.

"ಖಾಲಿ ಡಬ್ಬಿ ಕೊಡಬಾರದಲ್ಲ ರೀ" ಎಂದು ಅದನ್ನು ನನ್ನ ಗೆಳತಿಯ ಕೈಗೆ ಕೊಟ್ಟರು. "ನಿಮ್ಮ ಅಕ್ಕನ ಹೋಳಿಗೆ ಎಷ್ಟು ಚೆನ್ನಾಗಿತ್ತು ಗೊತ್ತಾ? ಅವರು ನಮ್ಮ ಸೋಫಾ ಬಗ್ಗೆ ಹೇಳಿದ್ದೂ ನಿಜ, ನಮ್ಮವರು ನನ್ನ ಮಾತು ಕೇಳದೆ ತಂದಿದ್ದು."

ನಾನು ಫ್ರಿಜ್ಜಿನ ಹಿಂದೆ ಹೋಗಲು ಜಾಗವಿದೆಯೇ ನೋಡಿದೆ. ಗೆಳತಿ ಕಣ್ಣೊರೆಸಿಕೊಂಡು, ಅತಿಥಿಯ ಮುಂದೆ ಗಂಟಲು ಸರಿಮಾಡಿಕೊಂಡು, "ಒಳಗ ಬರ್ರಿ, ಚಾ ಆಗೇತಿ" ಎಂದಳು. ಅವರು ಬಂದರು. ಬಂದವರು ಕೂತರು. ನನಗೆಂದು ಸೋಸಿದ್ದ ಚಹಾ ಅವರ ಪಾಲಾಯಿತು. ಚಕ್ಕುಲಿಗೆ ಹಿಟ್ಟು ಹುರಿಯಬೇಕೋ ಬೇಡವೋ ಎಂಬುದರ ಮೇಲೆ ಮಾತು ಶುರುವಾಗಿ, ಇಬ್ಬರೂ ಜಗಳಕ್ಕೆ ಬೀಳುವ ಮಟ್ಟಕ್ಕೆ ಹೋಯಿತು. ಧಾರವಾಡದವಳು ಜಗಳಕ್ಕೆ ಬಿದ್ದಳೆಂದರೆ ಮನಸ್ಸು ಕೊಟ್ಟಳೆಂದೇ ಅರ್ಥ. ನಾನು ಬಾಯಿ ಹಾಕಲು ನೋಡಿದೆ, ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಹೊರಡುವಾಗ ಗೆಳತಿ ಚಕ್ಕುಲಿಯನ್ನು ಬೇರೆ ಪಾತ್ರೆಗೆ ಸುರಿದು ಡಬ್ಬಿಯನ್ನು ನನ್ನ ಕೈಗೆ ಕೊಡಲು ಬಂದಳು. ಸಿಟ್ಟು ಇಳಿದಿರಲಿಲ್ಲ, ಮುಖ ಬೇರೆ ಕಡೆಗಿತ್ತು. "ತಗೋರಿ ನಿಮ್ಮ ಡಬ್ಬಿ. ಅಮ್ಮನ ಹೆಸರೈತಿ."

"ಇಲ್ಲೇ ಇರ್ಲಿ" ಎಂದೆ. "ಅವರು ತುಂಬಿ ಕೊಟ್ಟಿದ್ದಾರೆ, ನೀನು ಏನಾದ್ರೂ ತುಂಬಿ ಕೊಡಬೇಕಲ್ಲ. ಅವರು ಅದನ್ನ ಕೊಟ್ಟಿದ್ದು ನಿನ್ನ ಕೈಗೇ."

ಅವಳು ನನ್ನನ್ನು ನೋಡಿದಳು. ಅರ್ಥವಾಯಿತು. ಡಬ್ಬಿ ಒಳಗೆ ಒಯ್ದಳು. ಕಾರಿನಲ್ಲಿ ಕೂತ ಮೇಲೆ ನಮ್ಮನೆಯವರು ನಿಟ್ಟುಸಿರು ಬಿಟ್ಟರು. ಅದು ಗ್ಯಾರೇಜಿಗಾಗಿ ಬಿಟ್ಟದ್ದು.

ಕೆಲವು ವಾರ ಅವಳ ಫೋನು ಬರಲಿಲ್ಲ. ನಾನು ಮಾಡಿದರೆ ಚುಟುಕು ಉತ್ತರ. ಆಮೇಲೆ ನಿಧಾನವಾಗಿ ಬಿಗು ಸಡಿಲವಾಯಿತು. ಹಿಂದೂಪುರದಾಕಿಗೆ ಮಾದೇಲಿ ಮಾಡಿ ಕೊಟ್ಟೆ, ಆಕಿ ಗೋಂಗುರ ಚಟ್ನಿ ತುಂಬಿ ಕಳಿಸಿದಳು, ಡಬ್ಬಿಗೆ ಗೋಂಗುರದ ವಾಸನಿ ಹೋಗವಲ್ದು, ಏನ್ ಮಾಡ್ಲಿ ಅಕ್ಕಾರ ಎಂದು ಕೇಳುತ್ತಿದ್ದಳು. ನಿಂಬೆಸಿಪ್ಪೆ ಹಾಕಿ ತಿಕ್ಕು ಎಂದು ನಾನು ಹೇಳುತ್ತಿದ್ದೆ. ನನ್ನ ಡಬ್ಬಿಯ ಆರೋಗ್ಯ ವಿಚಾರಿಸಿಕೊಳ್ಳಲು ನನಗೆ ಸಿಗುತ್ತಿದ್ದುದು ಈ ಫೋನುಗಳೇ. ವೀಸಾ ಇಲ್ಲ, ಅರ್ಜಿ ಇಲ್ಲ, ನಮ್ಮ ಮನೆಯಿಂದ ನ್ಯೂಜೆರ್ಸಿಗೆ ವಲಸೆ ಹೋಗಿ ನೆಲೆ ಕಂಡದ್ದು ಅದೊಂದೇ.

ಮೊನ್ನೆ ಶನಿವಾರ ಸಂಜೆ ಚಪಾತಿ ಲಟ್ಟಿಸುತ್ತ ಫೋನನ್ನು ಸ್ಪೀಕರಿಗೆ ಹಾಕಿ ಅವಳ ಜೊತೆ ಮಾತಾಡುತ್ತಿದ್ದೆ. ನಮ್ಮಲ್ಲಿ ಮಳೆ ಬಂದು ಬೇಸ್‌ಮೆಂಟಿನಲ್ಲಿ ಮತ್ತೆ ನೀರು ಹೊಕ್ಕ ಕಥೆ ಹೇಳುತ್ತಿದ್ದೆ. ಹೇಳಿ ಮುಗಿಸಿದ ಕೂಡಲೇ ಅವಳು ಬೆಲ್‌ರೋಸನ್ನು ಹಿಡಿದು ಝಾಡಿಸುತ್ತಾಳೆ, ನಾನು ಟರ್ನ್‌ಪೈಕನ್ನು ಎಳೆದು ತರಬೇಕು ಎಂದು ಸಜ್ಜಾಗಿದ್ದೆ. ಆಗ ಫೋನಿನೊಳಗಿನಿಂದ ಸದ್ದು ಕೇಳಿತು.

ಟಕ್ ಟಕ್.

ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. ಒಂದು ಕ್ಷಣ, ನಂಬಿ, ನಾನು ನಮ್ಮ ಗೋಡೆಯ ಕಡೆ ತಿರುಗಿದೆ.

"ಅಕ್ಕಾರ, ಇಡ್ತೀನಿ" ಎಂದಳು ಅವಳು. ಆಗಲೇ ಎದ್ದು ನಿಂತಿದ್ದಳೆಂದು ದನಿಯಲ್ಲೇ ಗೊತ್ತಾಯಿತು. "ಆಕಿ ಗ್ವಾಡಿ ಬಡ್ಯಾಕತ್ತಾಳ, ಚಾ ಆಗೇತಿ ಅಂತ ಕಾಣ್ತದ."

ಫೋನು ಕಟ್ಟಾಯಿತು. ಕಾವಲಿಯ ಮೇಲೆ ಚಪಾತಿ ಹೊಗೆಯಾಡಿತು. ನಮ್ಮನೆಯವರು ಪೇಪರಿನಿಂದ ತಲೆ ಎತ್ತಿ, "ಏನಂತೆ ನಿಮ್ಮ ನ್ಯೂಜೆರ್ಸಿ?" ಎಂದರು.

"ಚೆನ್ನಾಗ್ಯದಂತೆ" ಎಂದೆ.

ಇನ್ನೇನೋ ಸೇರಿಸುತ್ತೇನೆಂದು ಅವರು ಕಾದರು. ಹೊಟ್ಟೆ ಉರಿಯುತ್ತಿತ್ತು, ಸಂತೋಷವೂ ಆಗಿತ್ತು, ಅಳುವೂ ಬರುತ್ತಿತ್ತು. ಸೀದುಹೋದ ಚಪಾತಿಯನ್ನು ಅವರ ತಟ್ಟೆಗೆ ಹಾಕಿದೆ. ಅವರು ನನ್ನ ಮುಖ ನೋಡಿ ಸುಮ್ಮನೆ ತಿಂದರು.